ಮೊದಲ ಡ್ಯೂಟಿ ಎಲ್ಲಿ? ಮುಂಬಯಿಯ ಹೊಸ ಸಿಸ್ಟರ್‌ಗಳಿಗೆ ಒಂದು ಹೋಲಿಕೆ

ಕಳೆದ ತಿಂಗಳು ಡೊಂಬಿವಲಿಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ವಿಜಯಪುರದ ಕಡೆಯವರು. "ಅಕ್ಕಾರ, ಮಗಳದು ಜಿಎನ್‌ಎಂ ಮುಗದೈತ್ರಿ. ಮೂರು ಕಡೆ ಕರದಾರ. ಎಲ್ಲಿ ಸೇರಸೂಣು ಹೇಳ್ರಿ" ಅಂದರು. ಜಿಎನ್‌ಎಂ ಅಂದರೆ ನರ್ಸಿಂಗ್ ಡಿಪ್ಲೊಮಾ. ಒಂದು, ಮನೆ ಹತ್ತಿರದ 20 ಹಾಸಿಗೆಯ ನರ್ಸಿಂಗ್ ಹೋಮ್. ಇನ್ನೊಂದು, ದೊಡ್ಡ ಕಾರ್ಪೊರೇಟ್ ಆಸ್ಪತ್ರೆ. ಮೂರನೆಯದು, ಮುನಿಸಿಪಲ್ ಆಸ್ಪತ್ರೆಯಲ್ಲಿ ಗುತ್ತಿಗೆ ಕೆಲಸ. ಕೈಗೆ ಬರುವ ಸಂಬಳ ಮೂರು ಕಡೆಯೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಗೊಂದಲ ಇನ್ನೂ ಜಾಸ್ತಿ.

ಫೋನ್‌ನಲ್ಲಿ ಅರ್ಧ ಗಂಟೆ ಮಾತಾಡಿದೆ. ಸಾಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಬಂದು 23 ವರ್ಷ ಆಯಿತು. ಮೊದಲು ನರ್ಸಿಂಗ್ ಹೋಮ್, ಆಮೇಲೆ ದೊಡ್ಡ ಮುನಿಸಿಪಲ್ ಆಸ್ಪತ್ರೆ, ಈಗ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಹೊಸಬರಿಗೆ ಕಲಿಸುತ್ತೇನೆ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ ನಾನು ದುಡಿದಿಲ್ಲ. ಅಲ್ಲಿಂದ ನಮ್ಮಲ್ಲಿಗೆ ಬಂದ ಹುಡುಗಿಯರ ಕೆಲಸ ನೋಡಿ, ಅವರನ್ನೇ ಕೇಳಿ ತಿಳಿದದ್ದನ್ನು ಹೇಳುತ್ತೇನೆ.

ಹೋಲಿಸಲು ನನ್ನ ಹತ್ತಿರ ಇರುವುದು ಒಂದೇ ಅಳತೆ. ನಿಮ್ಮ ಕೈಯಿಂದ ತಪ್ಪಾದ ದಿನ ಆ ಆಸ್ಪತ್ರೆ ನಿಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತದೆ? ಸಂಬಳ, ಕಟ್ಟಡ, ಯೂನಿಫಾರ್ಮ್ ಎಲ್ಲ ಆಮೇಲೆ. ಮೊದಲ ಎರಡು ವರ್ಷದಲ್ಲಿ ಕೈಗೆ ಅಂಟಿದ ರೂಢಿ ನಿವೃತ್ತಿಯವರೆಗೂ ಬಿಡುವುದಿಲ್ಲ. ಒಳ್ಳೆಯದೂ ಬಿಡುವುದಿಲ್ಲ, ಕೆಟ್ಟದ್ದೂ ಬಿಡುವುದಿಲ್ಲ.

ನರ್ಸಿಂಗ್ ಹೋಮ್

ಇಲ್ಲಿ ಕೆಲಸ ಬೇಗ ಸಿಗುತ್ತದೆ. ಮನೆಯಿಂದ ನಡೆದು ಹೋಗಬಹುದು. ಎಲ್ಲ ಕೆಲಸವೂ ನಿಮ್ಮ ಕೈಗೇ ಬರುತ್ತದೆ: ಡೆಲಿವರಿ, ಡ್ರೆಸ್ಸಿಂಗ್, ಓಟಿ, ಬಿಲ್ಲಿಂಗ್‌ನವರು ರಜೆ ಇದ್ದರೆ ಬಿಲ್ಲಿಂಗ್ ಕೂಡ. ಮೂರು ತಿಂಗಳಲ್ಲಿ "ನನಗೆ ಎಲ್ಲ ಬರುತ್ತದೆ" ಅನ್ನಿಸುತ್ತದೆ. ಅಪಾಯ ಇರುವುದೇ ಅಲ್ಲಿ. ನಿಮಗೆ ಏನು ಬರುವುದಿಲ್ಲ ಅಂತ ಹೇಳುವವರು ಯಾರೂ ಇರುವುದಿಲ್ಲ.

ನನಗೆ ಆದದ್ದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿ ಐದನೇ ತಿಂಗಳು. ರಾತ್ರಿ ಡ್ಯೂಟಿಗೆ ನಾನೊಬ್ಬಳೇ ಸಿಸ್ಟರ್, ಜೊತೆಗೆ ಒಬ್ಬ ಮಾವಶಿ (ಆಯಾ). ಸಕ್ಕರೆ ಕಾಯಿಲೆಯ ಒಬ್ಬ ಅಜ್ಜ ಅಡ್ಮಿಟ್ ಆಗಿದ್ದರು. ಊಟಕ್ಕೆ ಮುಂಚೆ 12 ಯೂನಿಟ್ ಮಿಕ್ಸ್ ಇನ್ಸುಲಿನ್ ಕೊಡಬೇಕಿತ್ತು. ಅವರ ಇನ್ಸುಲಿನ್ ಪೆನ್ ಕೆಟ್ಟಿತ್ತು. ಮಗ ಪೆನ್‌ಗೆ ಹಾಕುವ ಕಾರ್ಟ್ರಿಜ್ ತಂದುಕೊಟ್ಟು, "ಇದರಿಂದಲೇ ಕೊಡಿ ಸಿಸ್ಟರ್" ಅಂದರು. ನಾನು ಡ್ರಾಯರ್‌ನಿಂದ ಕೆಂಪು ಮುಚ್ಚಳದ ಸಿರಿಂಜ್ ತೆಗೆದು 12ರ ಗೆರೆಯವರೆಗೆ ಎಳೆದು ಕೊಟ್ಟೆ.

ಕೆಂಪು ಮುಚ್ಚಳದ ಸಿರಿಂಜ್, ಒಂದು ಎಂ.ಎಲ್.ಗೆ 40 ಯೂನಿಟ್ ಇರುವ ಬಾಟಲಿಗೆ ಮಾತ್ರ. ಕಾರ್ಟ್ರಿಜ್‌ನಲ್ಲಿ ಒಂದು ಎಂ.ಎಲ್.ಗೆ 100 ಯೂನಿಟ್ ಇರುತ್ತದೆ. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜೇ ಬೇಕು. ನಾನು ಕೊಟ್ಟದ್ದು 12 ಅಲ್ಲ, 30 ಯೂನಿಟ್. ಎರಡೂವರೆ ಪಟ್ಟು.

ರಾತ್ರಿ ಎರಡೂವರೆಗೆ ಮಾವಶಿ ಓಡಿ ಬಂದಳು. ಅಜ್ಜನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಕೂಗಿದರೆ ಕಣ್ಣು ತೆರೆಯುತ್ತಿದ್ದರು, ಮಾತು ತೊದಲುತ್ತಿತ್ತು. ಗ್ಲುಕೋಮೀಟರ್ 41 ತೋರಿಸಿತು, ಸಕ್ಕರೆ ತೀರಾ ಇಳಿದಿತ್ತು. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದಂತೆ 25 ಪರ್ಸೆಂಟ್ ಡೆಕ್ಸ್‌ಟ್ರೋಸ್ ಕೊಟ್ಟೆ. ಅಜ್ಜ ಉಳಿದರು. ಬೆಳಿಗ್ಗೆ ಸಿರಿಂಜ್ ಯಾವುದು ಅಂತ ಡಾಕ್ಟರ್ ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಆಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಕೇಸ್ ಪೇಪರಿನಲ್ಲಿ ಸಿರಿಂಜ್ ವಿಷಯ ಬರೆಯಬಾರದು ಅಂತ ನನಗೆ ಹೇಳಿದರು. ಅಜ್ಜನ ಮಗನಿಗೆ "ಅವರು ಊಟ ಸರಿಯಾಗಿ ಮಾಡಿಲ್ಲ, ಅದಕ್ಕೇ ಸಕ್ಕರೆ ಇಳಿಯಿತು" ಅಂದರು. ನಾನು ಸುಮ್ಮನೆ ನಿಂತಿದ್ದೆ. ಯಾರೂ ಬೈಯಲಿಲ್ಲ. ಯಾರೂ ಕಲಿಸಲೂ ಇಲ್ಲ. ಆ ಡ್ರಾಯರ್‌ನಲ್ಲಿ ಎರಡು ಬಣ್ಣದ ಸಿರಿಂಜ್‌ಗಳು ಒಂದೇ ಡಬ್ಬಿಯಲ್ಲಿ ಹಾಗೇ ಉಳಿದವು. ನಾನು ಬಿಟ್ಟ ಮೇಲೆ ಬಂದ ಹುಡುಗಿಗೂ ಅದೇ ಡಬ್ಬಿ.

ಎಲ್ಲ ನರ್ಸಿಂಗ್ ಹೋಮ್ ಹೀಗೇ ಅಂತ ಹೇಳುವುದಿಲ್ಲ. ಹೊಸ ಸಿಸ್ಟರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವ ಡಾಕ್ಟರುಗಳೂ ಇದ್ದಾರೆ. ಆದರೆ ಅದು ಒಬ್ಬ ಮನುಷ್ಯನ ಗುಣದ ಮೇಲೆ ನಿಂತಿದೆ. ನಿಮ್ಮ ಅದೃಷ್ಟ ಹೇಗೋ ಹಾಗೆ. ಐದಾರು ವರ್ಷ ಅನುಭವ ಆದ ಮೇಲೆ, ಮಕ್ಕಳು ಚಿಕ್ಕವರಿರುವಾಗ, ಮನೆ ಹತ್ತಿರ ಬೇಕು ಅಂತ ನರ್ಸಿಂಗ್ ಹೋಮ್ ಸೇರುವುದು ಒಳ್ಳೆಯ ನಿರ್ಧಾರ. ಮೊದಲ ಕೆಲಸಕ್ಕೆ ಬೇಡ.

ಮುನಿಸಿಪಲ್, ಸರ್ಕಾರಿ ಆಸ್ಪತ್ರೆ

ಪರೇಲ್‌ನ ಕೆಇಎಂ, ಸಾಯನ್, ಮುಂಬಯಿ ಸೆಂಟ್ರಲ್‌ನ ನಾಯರ್, ಇವೆಲ್ಲ ಬಿಎಂಸಿ (ಮುಂಬಯಿ ಮಹಾನಗರ ಪಾಲಿಕೆ) ನಡೆಸುವ ಆಸ್ಪತ್ರೆಗಳು. ಬೈಕುಲ್ಲಾದ ಜೆಜೆ ರಾಜ್ಯ ಸರ್ಕಾರದ್ದು, 1845ರಿಂದ ಇದೆ. ಪರೇಲ್‌ನ ಟಾಟಾ ಮೆಮೋರಿಯಲ್ 1941ರಲ್ಲಿ ಶುರುವಾದದ್ದು, ಈಗ ಕೇಂದ್ರದ ಅಣುಶಕ್ತಿ ಇಲಾಖೆಯ ಕೈಕೆಳಗಿದೆ. ಹೊರಗಿನವರಿಗೆ ಎಲ್ಲವೂ "ಸರ್ಕಾರಿ ದವಾಖಾನೆ". ಕೆಲಸಕ್ಕೆ ಅರ್ಜಿ ಹಾಕುವವರಿಗೆ ಈ ಮೂರೂ ಬೇರೆ ಬೇರೆ. ಜಾಹೀರಾತು ಬೇರೆ, ಪರೀಕ್ಷೆ ಬೇರೆ, ಸಂಬಳ ಬೇರೆ.

ಇಲ್ಲಿನ ಕಷ್ಟ ಮುಚ್ಚಿಡುವುದಿಲ್ಲ. ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು ಅಂತ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನ ಲೆಕ್ಕ. ನಾನಿದ್ದ ಮೆಡಿಸಿನ್ ವಾರ್ಡ್‌ನಲ್ಲಿ 40 ಹಾಸಿಗೆ. ಮಳೆಗಾಲದಲ್ಲಿ ಡೆಂಗಿ, ಲೆಪ್ಟೊ (ಇಲಿ ಜ್ವರ), ಮಲೇರಿಯಾ ಶುರುವಾದರೆ ಎರಡು ಹಾಸಿಗೆಗಳ ನಡುವೆ ನೆಲದ ಮೇಲೂ ಗಾದಿ. ರಾತ್ರಿಗೆ ಇಬ್ಬರು ಸಿಸ್ಟರ್. ಮನೆಗೆ ಹೋಗಿ ಚಪ್ಪಲಿ ಬಿಚ್ಚಿದರೆ ಪಾದ ಊದಿರುತ್ತಿತ್ತು.

ಆದರೂ ನಾನು ನರ್ಸ್ ಆದದ್ದು ಅಲ್ಲೇ.

ನಮ್ಮ ಸಿಸ್ಟರ್-ಇನ್-ಚಾರ್ಜ್ ರತ್ನಾಗಿರಿ ಕಡೆಯವರು. ಬೆಳಿಗ್ಗೆ ಏಳಕ್ಕೆ ಹ್ಯಾಂಡ್‌ಓವರ್ (ಪಾಳಿ ಬದಲಾಗುವಾಗ ರೋಗಿಗಳನ್ನು ಒಪ್ಪಿಸುವುದು) ಅಂದರೆ ಮೇಜಿನ ಹತ್ತಿರ ನಿಂತು ರಿಜಿಸ್ಟರ್ ಓದುವುದಲ್ಲ. ಪ್ರತಿ ಹಾಸಿಗೆಯ ಹತ್ತಿರ ಹೋಗಬೇಕು. ಎದ್ದು ಕೂರಲಾಗದ ರೋಗಿ ಇದ್ದರೆ ಅವರೇ ಚಾದರ ಸರಿಸಿ, ಮಗ್ಗುಲಿಗೆ ತಿರುಗಿಸಿ, ಸೊಂಟದ ಕೆಳಗೆ ಕೈಯಿಟ್ಟು ನೋಡುತ್ತಿದ್ದರು. ಚರ್ಮ ಕೆಂಪಗಾಗಿದ್ದರೆ ಬೆರಳಿನಿಂದ ಒತ್ತುತ್ತಿದ್ದರು. ಬೆರಳು ತೆಗೆದಾಗ ಒತ್ತಿದ ಜಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಸಮಯ ಇದೆ. ಬಿಳಿಚಿಕೊಳ್ಳದೆ ಹಾಗೇ ಕೆಂಪಗಿದ್ದರೆ ಹುಣ್ಣು ಒಳಗೆ ಶುರುವಾಗಿದೆ. "ರಾತ್ರಿ ಎಷ್ಟು ಗಂಟೆಗೆ ತಿರುಗಿಸಿದೆ?" ಅಂತ ಕೇಳುತ್ತಿದ್ದರು. ಎರಡು ಗಂಟೆಗೊಮ್ಮೆ ತಿರುಗಿಸಿದ್ದರೆ ಹೇಳುವ ಧೈರ್ಯ ಇರುತ್ತಿತ್ತು. ತಿರುಗಿಸದಿದ್ದರೆ, ರೋಗಿಯ ಬೆನ್ನೇ ಹೇಳಿಬಿಡುತ್ತಿತ್ತು.

ಅಲ್ಲಿಯೂ ನನ್ನಿಂದ ತಪ್ಪಾಯಿತು. ಒಂದೇ ಹೆಸರಿನ ಇಬ್ಬರು ರೋಗಿಗಳು, ಒಬ್ಬರ ಆಂಟಿಬಯಾಟಿಕ್ ಇನ್ನೊಬ್ಬರಿಗೆ ಹೋಯಿತು. ಹೆದರುತ್ತಲೇ ಹೋಗಿ ಸಿಸ್ಟರ್-ಇನ್-ಚಾರ್ಜ್‌ಗೆ ಹೇಳಿದೆ. ಅವರು ಮೊದಲು ರೋಗಿಯನ್ನು ನೋಡಿದರು, ಡಾಕ್ಟರಿಗೆ ತಿಳಿಸಿದರು, ರೋಗಿಯ ಹೆಂಡತಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಆಮೇಲೆ ನನ್ನ ಕೈಗೆ ಪೆನ್ ಕೊಟ್ಟು, ನಡೆದದ್ದನ್ನೆಲ್ಲ ಬರೆಸಿದರು. ಸಂಜೆಯೊಳಗೆ ಒಂದೇ ಹೆಸರಿನವರ ಕೇಸ್ ಪೇಪರಿಗೆ ಕೆಂಪು ಗುರುತು ಹಾಕುವ ಪದ್ಧತಿ ವಾರ್ಡ್‌ನಲ್ಲಿ ಶುರುವಾಯಿತು. ನನಗೆ ಬೈಗುಳವೂ ಬಿತ್ತು. ಆದರೆ ಅವತ್ತು ರಾತ್ರಿ ನಿದ್ದೆ ಬಂತು. ಇನ್ಸುಲಿನ್ ಕೊಟ್ಟ ರಾತ್ರಿಯ ನಂತರ ತಿಂಗಳುಗಟ್ಟಲೆ ನಿದ್ದೆ ಬಂದಿರಲಿಲ್ಲ.

ಮುಂಬಯಿಯ ನರ್ಸ್‌ಗಳ ಬಗ್ಗೆ ಮಾತಾಡುವಾಗ ಹೊನ್ನಾವರ ಹತ್ತಿರದ ಹಳದೀಪುರದ ಅರುಣಾ ಶಾನಭಾಗ್ ಅವರನ್ನು ನಾನು ಬಿಡಲಾರೆ. ಕೆಇಎಂನಲ್ಲಿ ಸಿಸ್ಟರ್ ಆಗಿದ್ದರು. 1973ರ ನವೆಂಬರ್ 27ರಂದು, ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದಾಗ ಅದೇ ಆಸ್ಪತ್ರೆಯ ಕೆಲಸದವನೊಬ್ಬ ಅವರ ಮೇಲೆ ದೌರ್ಜನ್ಯ ಮಾಡಿದ. ಕುತ್ತಿಗೆಗೆ ಸರಪಳಿ ಬಿಗಿದದ್ದರಿಂದ ಮೆದುಳಿಗೆ ರಕ್ತ ಹೋಗದೆ ಅವರು ಮತ್ತೆ ಏಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಸುಮಾರು 42 ವರ್ಷ. ಒಂದು ತಲೆಮಾರಿನ ಸಿಸ್ಟರ್‌ಗಳು ನಿವೃತ್ತರಾದರು, ಇನ್ನೊಂದು ತಲೆಮಾರು ಬಂತು, ಆರೈಕೆ ನಿಲ್ಲಲಿಲ್ಲ. ಅವರಿಗೆ ದಯಾಮರಣ ಕೊಡಬೇಕೆಂಬ ಅರ್ಜಿಯನ್ನು 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿದಾಗ, ಕೆಇಎಂ ಸಿಬ್ಬಂದಿಯ ಸೇವೆಯನ್ನು ತೀರ್ಪಿನಲ್ಲೇ ಮೆಚ್ಚಿತು. ಅಷ್ಟು ವರ್ಷ ಹಾಸಿಗೆ ಹಿಡಿದವರನ್ನು ಬೆನ್ನುಹುಣ್ಣು ಆಗದಂತೆ ನೋಡಿಕೊಳ್ಳುವುದು ಎಷ್ಟು ಕಷ್ಟ ಅಂತ, ಒಂದು ರಾತ್ರಿ ಒಬ್ಬ ರೋಗಿಯನ್ನು ನಾಲ್ಕು ಸಲ ತಿರುಗಿಸಿ ನೋಡಿದವರಿಗೆ ಗೊತ್ತು.

ಇದೇ ಘಟನೆಯಿಂದ ಇನ್ನೊಂದು ಪ್ರಶ್ನೆಯೂ ಹುಟ್ಟುತ್ತದೆ. ಯಾವ ಆಸ್ಪತ್ರೆಗೆ ಸೇರುವುದಾದರೂ, ಬಟ್ಟೆ ಬದಲಿಸುವ ಕೋಣೆ ಎಲ್ಲಿದೆ ಅಂತ ಕೇಳಿ. ಹೋಗಿ ನೋಡಿ. ಚಿಲಕ ಇದೆಯಾ, ದೀಪ ಉರಿಯುತ್ತದಾ, ದಾರಿಯಲ್ಲಿ ರಾತ್ರಿ ಯಾರಾದರೂ ಇರುತ್ತಾರಾ. ಇದನ್ನು ಕೇಳಲು ಸಂಕೋಚ ಬೇಡ.

ಕಾಯಂ ಕೆಲಸ ಸಿಕ್ಕರೆ ಸರ್ಕಾರಿ ಜಾಗದಂಥದ್ದು ಬೇರೆ ಇಲ್ಲ. ಆದರೆ ಜಾಹೀರಾತಿನಲ್ಲಿ ಮರಾಠಿಯ ಷರತ್ತು ಇರುತ್ತದೆ, ಮೊದಲು ಅದನ್ನು ಓದಿ. ನಮ್ಮ ಕನ್ನಡ ಶಾಲೆಗಳಲ್ಲಿ ಓದಿದ ಮುಂಬಯಿ ಮಕ್ಕಳಿಗೆ ಮರಾಠಿ ಒಂದು ವಿಷಯವಾಗಿ ಇದ್ದೇ ಇರುತ್ತದೆ. ಊರಿನಿಂದ ಬಂದವರಿಗೆ ಇಲ್ಲಿ ತೊಡಕಾಗುತ್ತದೆ. ಗುತ್ತಿಗೆ ಕೆಲಸವಾದರೆ ಲೆಕ್ಕ ಬೇರೆ: ಕಲಿಯಲು ಎರಡು ಮೂರು ವರ್ಷ ಇರಿ. ಮುಂದೆ ಕಾಯಂ ಮಾಡುತ್ತಾರೆ ಅನ್ನುವ ಮಾತನ್ನೇ ನಂಬಿ ಹತ್ತು ವರ್ಷ ಕಾಯಬೇಡಿ. ನಾನು ಆರು ವರ್ಷ ಕಾದೆ.

ಕಾರ್ಪೊರೇಟ್

ಇಲ್ಲಿ ಪದ್ಧತಿ ಚೆನ್ನಾಗಿ ಕಲಿಯುತ್ತೀರಿ. ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ಸಂಸ್ಥೆ) ಮಾನ್ಯತೆ ಇದ್ದರೆ ಎಲ್ಲದಕ್ಕೂ ಬರೆದಿಟ್ಟ ಕ್ರಮ ಇರುತ್ತದೆ. ಔಷಧಿ ಕೊಡುವ ಮುಂಚೆ ರೋಗಿಯ ಹೆಸರು ಮತ್ತು ನಂಬರ್ ಎರಡನ್ನೂ ನೋಡಲೇಬೇಕು. ಡಾಕ್ಟರ್ ಫೋನ್‌ನಲ್ಲಿ ಹೇಳಿದ ಡೋಸನ್ನು ತಿರುಗಿ ಓದಿ ಹೇಳಲೇಬೇಕು. ವೆಂಟಿಲೇಟರ್, ಡಯಾಲಿಸಿಸ್, ಹೃದಯದ ಆಪರೇಷನ್ ನಂತರದ ಐಸಿಯು, ಇವುಗಳ ಅನುಭವ ಬೇಗ ಸಿಗುತ್ತದೆ. ಮುಂದೆ ಗಲ್ಫ್‌ಗೋ ಯೂರೋಪಿಗೋ ಹೋಗುವ ಆಸೆ ಇದ್ದರೆ ಈ ಅನುಭವದ ಪತ್ರಕ್ಕೆ ಬೆಲೆ ಇದೆ.

ನನಗೆ ಕಂಡ ಕೊರತೆ ಒಂದು. ಸೀನಿಯರ್‌ಗಳು ನಿಲ್ಲುವುದಿಲ್ಲ. ಎರಡು ವರ್ಷ ಆದೊಡನೆ ವಿದೇಶಕ್ಕೋ ಇನ್ನೊಂದು ಆಸ್ಪತ್ರೆಗೋ ಹೋಗುತ್ತಾರೆ. ಒಂದೂವರೆ ವರ್ಷದ ಹುಡುಗಿಯೇ ಆರು ತಿಂಗಳಿನವಳಿಗೆ ಕಲಿಸುತ್ತಿರುತ್ತಾಳೆ. ನಮ್ಮಲ್ಲಿಗೆ ಬಂದ ಹುಡುಗಿಯರ ಚಾರ್ಟ್ ಬರವಣಿಗೆ ನೋಡಿದರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಅಚ್ಚುಕಟ್ಟು. ಆದರೆ ಮಾನಿಟರ್ ಇಲ್ಲದ ವಾರ್ಡ್‌ನಲ್ಲಿ ರೋಗಿಯ ಮುಖ ನೋಡಿ "ಇವರಿಗೆ ಏನೋ ಸರಿಯಿಲ್ಲ" ಅಂತ ಗುರುತಿಸಲು ಅವರಿಗೆ ಸಮಯ ಹಿಡಿಯುತ್ತದೆ.

ಬಾಂಡ್ (ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಕರಾರು) ಓದದೆ ಸಹಿ ಹಾಕಬೇಡಿ. ಒರಿಜಿನಲ್ ಸರ್ಟಿಫಿಕೇಟ್ ಕೇಳಿದರೆ ತೋರಿಸಿ, ಝೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ತನ್ನಿ. ಇದರಲ್ಲಿ ರಾಜಿ ಬೇಡ.

ಟ್ರಸ್ಟ್ ಆಸ್ಪತ್ರೆ, ಬ್ಯೂರೋ

ಹಳೆಯ ಟ್ರಸ್ಟ್ ಆಸ್ಪತ್ರೆ ಮುನಿಸಿಪಲ್ ಮತ್ತು ಕಾರ್ಪೊರೇಟ್ ಆಸ್ಪತ್ರೆಗಳ ನಡುವೆ ಬರುತ್ತದೆ. ಮಹಾರಾಷ್ಟ್ರದಲ್ಲಿ ಇಂಥ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಯನ್ನು ತೀರಾ ಬಡವರಿಗೆ ಉಚಿತವಾಗಿ, ಇನ್ನು ಶೇ. 10ನ್ನು ಕಡಿಮೆ ಆದಾಯದವರಿಗೆ ರಿಯಾಯಿತಿಯಲ್ಲಿ ಮೀಸಲಿಡಬೇಕು. ಹಾಗಾಗಿ ಎಲ್ಲ ತರಹದ ರೋಗಿಗಳನ್ನು ನೋಡುತ್ತೀರಿ. 20-25 ವರ್ಷ ಅಲ್ಲೇ ದುಡಿದ ಸಿಸ್ಟರ್‌ಗಳು ಸಿಗುತ್ತಾರೆ. ಸ್ವಂತ ನರ್ಸಿಂಗ್ ಶಾಲೆ ಇರುವ ಟ್ರಸ್ಟ್ ಆಸ್ಪತ್ರೆಯಾದರೆ ಇನ್ನೂ ಒಳ್ಳೆಯದು. ಅಲ್ಲಿ ಕಲಿಸುವುದೇ ದಿನದ ಕೆಲಸ. ಸಂಬಳ ನಿಧಾನ ಏರುತ್ತದೆ, ಅದು ನಿಜ.

ಬ್ಯೂರೋ ಮೂಲಕ ಮನೆಗೆ ಹೋಗಿ ರೋಗಿ ನೋಡಿಕೊಳ್ಳುವ ಕೆಲಸಕ್ಕೆ ದಿನದ ಲೆಕ್ಕದಲ್ಲಿ ದುಡ್ಡು ಚೆನ್ನಾಗಿದೆ. ಹೊಸಬರು ಹೋಗಬಾರದು. ಪಕ್ಕದಲ್ಲಿ ಕೇಳಲು ಒಬ್ಬರೂ ಇರುವುದಿಲ್ಲ.

ದುಡ್ಡಿನ ಲೆಕ್ಕ

ಮಹಾರಾಷ್ಟ್ರದಲ್ಲಿ ಕಾಯಂ ಸ್ಟಾಫ್ ನರ್ಸ್‌ಗೆ 7ನೇ ವೇತನ ಆಯೋಗದಂತೆ ಮೂಲ ವೇತನ 35,400 ರೂಪಾಯಿಯಿಂದ ಶುರು. ಕೇಂದ್ರದ ನರ್ಸಿಂಗ್ ಆಫೀಸರ್‌ಗೆ 44,900. ಡಿಎ, ಮನೆ ಬಾಡಿಗೆ ಭತ್ಯೆ ಬೇರೆ.

ಖಾಸಗಿಯವರ ಬಗ್ಗೆ 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ಕೇಂದ್ರ ಒಂದು ಸಮಿತಿ ಮಾಡಿತ್ತು. 200ಕ್ಕಿಂತ ಹೆಚ್ಚು ಹಾಸಿಗೆ ಇದ್ದರೆ ರಾಜ್ಯ ಸರ್ಕಾರಿ ನರ್ಸ್‌ನಷ್ಟೇ ಸಂಬಳ, 100ರಿಂದ 200 ಇದ್ದರೆ ಅದಕ್ಕಿಂತ ಹೆಚ್ಚೆಂದರೆ ಶೇ. 10 ಕಡಿಮೆ, 50ರಿಂದ 100 ಇದ್ದರೆ ಶೇ. 25 ಕಡಿಮೆ, 50ಕ್ಕಿಂತ ಕಡಿಮೆ ಇದ್ದರೂ 20,000ಕ್ಕೆ ಇಳಿಯಬಾರದು ಅಂತ ಅದು ಶಿಫಾರಸು ಮಾಡಿತು. ಇದು ಶಿಫಾರಸು ಅಷ್ಟೇ, ಬಹಳ ಕಡೆ ಪಾಲಿಸುವುದಿಲ್ಲ. ಆದರೂ ಆಸ್ಪತ್ರೆಯ ಹಾಸಿಗೆ ಎಷ್ಟು ಅಂತ ತಿಳಿದುಕೊಂಡು ಹೋದರೆ, ಇಂಟರ್‌ವ್ಯೂನಲ್ಲಿ ಎಷ್ಟು ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಪಿಎಫ್ ಕಟ್ಟುತ್ತಾರಾ ಅಂತ ಕೇಳಿ. ಕಾಯಂ ಕೆಲಸದಲ್ಲಿ ಐದು ವರ್ಷ ಪೂರ್ತಿ ಆದರೆ ಗ್ರಾಚ್ಯುಟಿ (ಬಿಡುವಾಗ ಸಿಗುವ ಇಡುಗಂಟು). ನಾಲ್ಕೂವರೆ ವರ್ಷಕ್ಕೆ ಸಿಟ್ಟು ಮಾಡಿಕೊಂಡು ಬಿಡಬೇಡಿ. ಹೆರಿಗೆ ರಜೆ 26 ವಾರ, 2017ರ ತಿದ್ದುಪಡಿಯಿಂದ. 50 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿದ್ದರೆ ಕೂಸಿನ ಮನೆಯೂ ಇರಬೇಕು.

ದೂರದ ಲೆಕ್ಕ

ಇದನ್ನು ಯಾರೂ ಹೇಳುವುದಿಲ್ಲ. ಏಳು ಗಂಟೆಯ ಡ್ಯೂಟಿಗೆ ವಿರಾರ್‌ನಿಂದಲೋ ಬದಲಾಪುರದಿಂದಲೋ ಬರುವವಳು ನಾಲ್ಕಕ್ಕೆ ಏಳಬೇಕು. ಮದುವೆಯಾಗಿ, ಮಗು ಆದ ಮೇಲೆ ಕೆಲಸ ಬಿಟ್ಟವರಲ್ಲಿ ನನಗೆ ಗೊತ್ತಿರುವ ಬಹಳ ಜನ ರೋಗಿಗಳಿಗೆ ಬೇಸತ್ತು ಬಿಟ್ಟವರಲ್ಲ. ಲೋಕಲ್ ರೈಲಿಗೆ ಬೇಸತ್ತು ಬಿಟ್ಟವರು. ಮೂರು ಸಾವಿರ ಜಾಸ್ತಿ ಸಂಬಳಕ್ಕೆ ಒಂದೂವರೆ ಗಂಟೆ ಜಾಸ್ತಿ ಪ್ರಯಾಣ ಒಪ್ಪಿಕೊಳ್ಳಬೇಡಿ. ಹಾಸ್ಟೆಲ್ ಇದ್ದರೆ ಮೊದಲ ಎರಡು ವರ್ಷ ಹಾಸ್ಟೆಲ್‌ನಲ್ಲೇ ಇರಿ. ರಾತ್ರಿ ಡ್ಯೂಟಿ ಮುಗಿಸಿ ಬಂದು ಅಡುಗೆಗೆ ನಿಲ್ಲಬಾರದು, ಮಲಗಬೇಕು. ಮನೆಯವರಿಗೂ ಇದನ್ನು ಮೊದಲೇ ಹೇಳಿಡಿ.

ಸೇರುವ ಮುಂಚೆ ಹೋಗಿ ನೋಡಿ

ಇಂಟರ್‌ವ್ಯೂ ದಿನ ಒಂದು ಗಂಟೆ ಮುಂಚೆ ಹೋಗಿ. ವಾರ್ಡ್‌ನ ಕೈ ತೊಳೆಯುವ ಜಾಗದಲ್ಲಿ ಸೋಪು ಇದೆಯಾ ನೋಡಿ. ಸೂಜಿ ಎಲ್ಲಿ ಹಾಕುತ್ತಾರೆ ನೋಡಿ: ಚುಚ್ಚದಂಥ ಬಿಳಿ ಡಬ್ಬಿಯಲ್ಲೇ ಹಾಕಬೇಕು. ಟ್ರೇಯಲ್ಲಿ ಬಳಸಿದ ಸೂಜಿಗೆ ಮುಚ್ಚಳ ತಿರುಗಿ ಹಾಕಿಟ್ಟಿದ್ದರೆ, ಅಲ್ಲಿ ಕಲಿಸುವವರಿಲ್ಲ ಅಂತ ಅರ್ಥ.

ಆಮೇಲೆ ಮೂರು ಪ್ರಶ್ನೆ ಕೇಳಿ. ಹೊಸಬರ ಜೊತೆ ಸೀನಿಯರ್ ಎಷ್ಟು ವಾರ ಇರುತ್ತಾರೆ? ರಾತ್ರಿ ಎಷ್ಟು ರೋಗಿಗೆ ಎಷ್ಟು ಸಿಸ್ಟರ್? ಸೂಜಿ ಚುಚ್ಚಿಕೊಂಡರೆ ಯಾರಿಗೆ ಹೇಳಬೇಕು? ಮೂರನೆಯದಕ್ಕೆ ಉತ್ತರ ತಕ್ಷಣ ಬರಬೇಕು. ಸೋಪು ನೀರಿನಲ್ಲಿ ತೊಳೆದು, ಹಿಂಡದೆ, ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆಯುವ ಔಷಧಿ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಬಾರದು, 28 ದಿನ ತೆಗೆದುಕೊಳ್ಳಬೇಕು. "ಹಾಗೆಲ್ಲ ಇಲ್ಲಿ ಆಗುವುದಿಲ್ಲ" ಅಂತ ಉತ್ತರ ಬಂದರೆ ಎದ್ದು ಬನ್ನಿ.

ಪುಣೆಯಲ್ಲಿರುವವರಿಗೂ ಹೋಲಿಕೆ ಹೆಚ್ಚುಕಮ್ಮಿ ಇದೇ. ಅಲ್ಲಿ ಸಸೂನ್ ರಾಜ್ಯ ಸರ್ಕಾರದ್ದು. ಗೋವಾ ಬೇರೆ. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಕಾಯಂ ಕೆಲಸ ಬೇಕಾದರೆ 15 ವರ್ಷ ಅಲ್ಲೇ ವಾಸವಿದ್ದ ಪತ್ರ ಮತ್ತು ಕೊಂಕಣಿ ಕೇಳುತ್ತಾರೆ. ಕಾರವಾರದ ಹುಡುಗಿಯರಿಗೆ ಕೊಂಕಣಿ ಬರುತ್ತದೆ, ವಾಸದ ಪತ್ರ ಇರುವುದಿಲ್ಲ. ಅವರಿಗೆ ಅಲ್ಲಿ ಖಾಸಗಿಯೇ ದಾರಿ.

ಡೊಂಬಿವಲಿಯ ಆ ಹುಡುಗಿಗೆ ಮುನಿಸಿಪಲ್ ಗುತ್ತಿಗೆಯನ್ನೇ ಹೇಳಿದೆ. ಎರಡು ವರ್ಷ ಅಲ್ಲಿ ದುಡಿದು, ಜೊತೆಗೆ ಪರೀಕ್ಷೆಗೆ ಓದಲಿ. ಕಾಯಂ ಆಗದಿದ್ದರೆ ಮೂರನೇ ವರ್ಷ ಕಾರ್ಪೊರೇಟ್ ಐಸಿಯು. ಆ ಕ್ರಮದಲ್ಲಿ ಹೋದವರಿಗೆ ರೋಗಿಯ ಮುಖವೂ ಓದಲು ಬರುತ್ತದೆ, ಮಾನಿಟರೂ ಓದಲು ಬರುತ್ತದೆ.

ಕರ್ನಾಟಕದಲ್ಲಿ ಓದಿ ಬಂದವರು ಅಲ್ಲಿನ ನರ್ಸಿಂಗ್ ಕೌನ್ಸಿಲ್‌ನಿಂದ ಎನ್‌ಒಸಿ ತರಿಸಿ ಮಹಾರಾಷ್ಟ್ರ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಊರಲ್ಲಿರುವಾಗಲೇ ಅರ್ಜಿ ಹಾಕಿ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಇವತ್ತು, ಒಂದು ತಿಂಗಳಿಗೆ, ಆರು ತಿಂಗಳಿಗೆ. ಆಸ್ಪತ್ರೆಯವರು ಹಾಕಿಸುತ್ತಾರೆ ಅಂತ ಕಾಯಬೇಡಿ. ಮೊದಲ ಡೋಸ್ ಈ ವಾರವೇ ಹಾಕಿಸಿಕೊಳ್ಳಿ.